ಸ್ವಲ್ಪ ಜ್ವರ ಬರಬಹುದು

ಆ ಕಾಗದದಲ್ಲಿ ಒಂಬತ್ತು ಸಾಲುಗಳಿದ್ದವು. ಎಲ್ಲವೂ ಇಂಗ್ಲಿಷಿನಲ್ಲಿ. ಹುಬ್ಬಳ್ಳಿಯ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತಿದ್ದ ದೊಡ್ಡಪ್ಪ ಅದನ್ನು ನನ್ನ ಕೈಗೆ ಕೊಟ್ಟು, "ಏನ್ ಬರದೈತಿ ನೋಡ್ ತಮ್ಮಾ" ಅಂದರು. ನಾನು ಓದಿದೆ. ರಕ್ತಸ್ರಾವ, ಮೂತ್ರ ಕಟ್ಟಿಕೊಳ್ಳುವುದು, ಸೋಂಕು, ಸೋಂಕು ರಕ್ತಕ್ಕೆ ಹರಡುವುದು, ಅತಿ ಅಪರೂಪಕ್ಕೆ ಸಾವು. ಓದಿ ಮುಗಿಸಿ ಹೇಳಿದೆ: "ಏನಿಲ್ಲ ದೊಡ್ಡಪ್ಪ, ಒಂದೆರಡು ದಿನ ರಕ್ತ ಕಾಣಬಹುದು, ಸ್ವಲ್ಪ ಜ್ವರ ಬರಬಹುದು, ಅಷ್ಟ."

"ಅಷ್ಟ ಹೌದಲ್ಲ? ಎಲ್ಲೆ ಸಹಿ ಮಾಡ್ಲಿ?" ಅಂದರು.

ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ, ಕನ್ನಡಕ್ಕೆ ಬಂದ ನಾಟಕಗಳ ಅನುವಾದ. ಒಂದು ಪದದ ಬದಲು ಇನ್ನೊಂದು ಪದ ಬಂದರೆ ಏನೇನು ಕಳೆದುಹೋಗುತ್ತದೆ ಎಂದು ನಾಲ್ಕು ವರ್ಷಗಳಿಂದ ಬರೆಯುತ್ತಿದ್ದೇನೆ. ಆದರೆ ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಮುಖ್ಯವಾದ ಅನುವಾದ ಆ ಬೆಂಚಿನ ಮೇಲೆ ಅರ್ಧ ನಿಮಿಷದಲ್ಲಿ ಮುಗಿಯಿತು. ಅದು ತಪ್ಪು ಅನುವಾದವಾಗಿತ್ತು.

ದೊಡ್ಡಪ್ಪನಿಗೆ ಅರವತ್ತೆಂಟು. ಕುಂದಗೋಳ ತಾಲ್ಲೂಕಿನ ಸಂಶಿಯಲ್ಲಿ ಎರೆಹೊಲ ಮಾಡಿಕೊಂಡು ಇರುವವರು. ಮುಂಗಾರಿಗೆ ಹೆಸರು, ಮೆಣಸಿನಕಾಯಿ, ಹಿಂಗಾರಿಗೆ ಜೋಳ, ಕಡಲೆ. ವರ್ಷದಿಂದ ರಾತ್ರಿ ನಾಲ್ಕೈದು ಸಲ ಏಳುವುದು ಶುರುವಾಗಿತ್ತು. ವಯಸ್ಸಾದ ಮೇಲೆ ಇದ್ದದ್ದೇ ಎಂದು ಬಿಟ್ಟಿದ್ದರು. ಕೊನೆಗೆ ತೋರಿಸಿದಾಗ ರಕ್ತದ ಪಿಎಸ್‌ಎ 8.6 ಬಂತು. ಪ್ರಾಸ್ಟೇಟ್ ಎನ್ನುವುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರದ ನಾಳವನ್ನು ಸುತ್ತುವರಿದಿರುವ ಸಣ್ಣ ಗ್ರಂಥಿ. ಅದು ತಯಾರಿಸುವ ಒಂದು ಪ್ರೋಟೀನಿನ ಅಳತೆಯೇ ಪಿಎಸ್‌ಎ. ಸಾಮಾನ್ಯವಾಗಿ 4ಕ್ಕಿಂತ ಮೇಲೆ ಹೋದರೆ ವೈದ್ಯರು ಹುಬ್ಬೇರಿಸುತ್ತಾರೆ. ಆದರೆ ಏರಿದ್ದೆಲ್ಲ ಕ್ಯಾನ್ಸರ್ ಅಲ್ಲ. ಗ್ರಂಥಿ ವಯಸ್ಸಿಗೆ ಉಬ್ಬಿದ್ದರೂ, ಅದಕ್ಕೆ ಉರಿಯೂತವಾಗಿದ್ದರೂ ಏರುತ್ತದೆ. 4ರಿಂದ 10ರ ನಡುವೆ ಇದ್ದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಸಿಗುತ್ತದೆ. ಉಳಿದ ಮೂವರು ಯಾರು ಎಂದು ತಿಳಿಯಲು ಗ್ರಂಥಿಯ ಚೂರುಗಳನ್ನು ತೆಗೆದು ನೋಡಬೇಕು. ಅದೇ ಬಯಾಪ್ಸಿ.

ಇದನ್ನು ವಿವರಿಸಿದಾಗ ದೊಡ್ಡಪ್ಪ ತಮ್ಮದೇ ರೀತಿಯಲ್ಲಿ ಅರ್ಥ ಮಾಡಿಕೊಂಡರು. ಅಮರಗೋಳದ ಎಪಿಎಂಸಿಗೆ ಹೆಸರು ಒಯ್ದಾಗ ದಲಾಲರು ಚೀಲಕ್ಕೆ ಕಬ್ಬಿಣದ ಚೂಪು ಕೊಳವೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರುವಿಕೊಂಡು ನೋಡುತ್ತಾರಲ್ಲ, ಹಾಗೆ. "ಚೀಲಾ ಬಿಚ್ಚಲಾರದ ಒಳಗಿಂದು ನೋಡೂದು" ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹೆಚ್ಚಾಗಿ ಹನ್ನೆರಡು ಕಡೆ ಚುಚ್ಚಿ, ದಾರದಂಥ ಹನ್ನೆರಡು ತುಣುಕು ತೆಗೆಯುತ್ತಾರೆ. ಹೋಲಿಕೆಯಲ್ಲಿ ಒಂದೇ ಕೊರತೆ. ಚೀಲವನ್ನು ಎಲ್ಲಿಂದ ಚುಚ್ಚಿದರೂ ನಡೆಯುತ್ತದೆ. ದಶಕಗಳಿಂದ ನಡೆದುಬಂದ ವಿಧಾನದಲ್ಲಿ ಈ ಸೂಜಿ ಹೋಗುವುದು ಗುದನಾಳದ ಗೋಡೆಯನ್ನು ದಾಟಿ. ಮಲ ಇರುವ ಜಾಗ ಅದು. ಕರುಳಿನ ಬ್ಯಾಕ್ಟೀರಿಯಾ ಸೂಜಿಯ ಜೊತೆ ಗ್ರಂಥಿಗೆ, ಅಲ್ಲಿಂದ ರಕ್ತಕ್ಕೆ ಹೋಗಬಹುದು. ಅದಕ್ಕಾಗಿಯೇ ಮೊದಲು ಆಂಟಿಬಯಾಟಿಕ್ ಕೊಡುತ್ತಾರೆ.

ಮಂಗಳವಾರ ಬಯಾಪ್ಸಿ ಆಯಿತು. ಸಂಜೆ ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ಒಂದು ಸಾಲಿತ್ತು. ಚಳಿ-ನಡುಕ ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಮೂತ್ರ ನಿಂತರೆ ಕೂಡಲೇ ಬರಬೇಕು. ಅದೂ ಇಂಗ್ಲಿಷಿನಲ್ಲಿ. ನಾನು ಓದಿ, ಮಡಚಿ, ವರದಿಗಳ ಚೀಲದಲ್ಲಿಟ್ಟೆ. ಅವರನ್ನು ಊರಿಗೆ ಬಿಟ್ಟು ಮರುದಿನ ಧಾರವಾಡಕ್ಕೆ ಬಂದೆ.

ಗುರುವಾರ ಸಂಜೆ ದೊಡ್ಡಪ್ಪನಿಗೆ ಚಳಿ ಹತ್ತಿತು. ಎರಡು ಕೌದಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿದ್ದವಂತೆ. ದೊಡ್ಡವ್ವ ಮನೆಯಲ್ಲಿದ್ದ ಜ್ವರದ ಗುಳಿಗೆ ಕೊಟ್ಟರು. ರಾತ್ರಿ ಕಳೆಯಿತು. ಶುಕ್ರವಾರ ಮಧ್ಯಾಹ್ನ ದೊಡ್ಡವ್ವ ನನಗೆ ಫೋನ್ ಮಾಡಿದಾಗ ಹೇಳಿದ್ದು ಜ್ವರದ ಬಗ್ಗೆ ಅಲ್ಲ. "ಮಾತು ತೊದಲಾಕತ್ಯಾವ, ಏನೇನರ ಅನ್ನಾಕತ್ಯಾರ" ಅಂದರು. ಪಕ್ಕದ ಮನೆಯವರ ಟಾಟಾ ಏಸ್‌ನಲ್ಲಿ ಹುಬ್ಬಳ್ಳಿಗೆ ತಂದರು. ರಕ್ತದೊತ್ತಡ ಕುಸಿದಿತ್ತು. ಎರಡು ದಿನ ಐಸಿಯು, ಒಟ್ಟು ಆರು ದಿನ ಆಸ್ಪತ್ರೆ. ಉಳಿದರು.

ನಾಲ್ಕನೆಯ ದಿನ, ಮಾತು ನೆಟ್ಟಗಾದ ಮೇಲೆ, ನಾನು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ: "ಗುರುವಾರ ರಾತ್ರಿನ ಯಾಕ ಫೋನ್ ಮಾಡ್ಲಿಲ್ಲ ದೊಡ್ಡಪ್ಪ?"

ಅವರು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು: "ನೀನ ಹೇಳಿದ್ದೆಲ್ಲಪಾ, ಸ್ವಲ್ಪ ಜ್ವರ ಬರತೈತಿ ಅಂತ. ಬಂತು. ಅದಕ್ಕ ಸುಮ್ಮನ ಮಕ್ಕೊಂಡಿದ್ದೆ."

ಈ ಪ್ರಬಂಧ ಹುಟ್ಟಿದ್ದು ಆ ಮಾತಿನಿಂದ. ನಾನು ಹೇಳಿದ್ದು ಸುಳ್ಳೇ?

ಕುಮಾರವ್ಯಾಸನ ಊರು ಎನ್ನುವ ಕೋಳಿವಾಡ ನಮ್ಮ ಜಿಲ್ಲೆಯದೇ. ದ್ರೋಣಪರ್ವದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಶ್ವತ್ಥಾಮ ಸತ್ತನೆಂದು ಧರ್ಮರಾಯ ಗಟ್ಟಿಯಾಗಿ ಹೇಳುತ್ತಾನೆ, ಸತ್ತದ್ದು ಆನೆ ಎನ್ನುವುದನ್ನು ಮೆಲ್ಲಗೆ ಹೇಳುತ್ತಾನೆ. ಪ್ರತಿ ಪದವೂ ನಿಜ. ಕೇಳಿದವನ ಮನಸ್ಸಿನಲ್ಲಿ ಉಳಿದದ್ದು ಸುಳ್ಳು. ನನ್ನ ವಾಕ್ಯವೂ ಹಾಗೆಯೇ ಇತ್ತು. ರಕ್ತಕ್ಕೆ ಸೋಂಕು ಹರಡಿದರೆ ಜ್ವರ ಬರುವುದು ನಿಜ. ಆದರೆ ಒಂದು ವ್ಯತ್ಯಾಸವಿದೆ. ಧರ್ಮರಾಯ ಶತ್ರುವಿನ ಕೈಯಿಂದ ಆಯುಧ ಕೆಳಗಿಡಿಸಲು ಹಾಗೆ ಹೇಳಿದ. ನಾನು ಪ್ರೀತಿಯ ಮನುಷ್ಯನ ಭಯ ಕಡಿಮೆ ಮಾಡಲು ಹೇಳಿದೆ. ಆದರೆ ಪರಿಣಾಮ ಒಂದೇ ಆಯಿತು. ದೊಡ್ಡಪ್ಪನೂ ತನ್ನ ಕೈಲಿದ್ದ ಆಯುಧ ಕೆಳಗಿಟ್ಟು ಮಲಗಿದರು. ಅವರ ಆಯುಧವೆಂದರೆ ಎಚ್ಚರ.

ಪರೋಪಕಾರಕ್ಕೂ ಸುಳ್ಳು ಹೇಳುವ ಹಕ್ಕು ಯಾರಿಗೂ ಇಲ್ಲ ಎಂದು ಕಾಂಟ್ 1797ರಲ್ಲಿ ಒಂದು ಪ್ರಬಂಧ ಬರೆದ. ಸ್ನೇಹಿತನನ್ನು ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ಕೇಳಿದರೂ ಸುಳ್ಳು ಹೇಳಬಾರದು ಎಂಬ ವಾದ ಅದು. ಎಂ.ಎ. ತರಗತಿಯಲ್ಲಿ ಅದನ್ನು ಓದಿ ನಾವೆಲ್ಲ ನಕ್ಕಿದ್ದೆವು, ಇವನೆಂಥ ಕಲ್ಲುಮನಸ್ಸಿನವ ಎಂದು. ಈಗಲೂ ಅವನ ಉದಾಹರಣೆ ನನಗೆ ಒಪ್ಪಿಗೆಯಿಲ್ಲ. ಆದರೆ ಅವನು ಅಲ್ಲಿ ಎತ್ತುವ ಒಂದು ಅಂಶ ನನ್ನನ್ನು ಬಿಡುತ್ತಿಲ್ಲ. ಒಳ್ಳೆಯದಾಗಲಿ ಎಂದು ಸುಳ್ಳು ಹೇಳಿದವನು, ಆಮೇಲೆ ಆಗುವ ಅನಾಹುತಕ್ಕೆ ತಾನೇ ಹೊಣೆಯಾಗುತ್ತಾನೆ. ನಿಜ ಹೇಳಿದ್ದರೆ ದೊಡ್ಡಪ್ಪ ಹೆದರಿ ಪರೀಕ್ಷೆಯನ್ನೇ ಬಿಡಬಹುದಿತ್ತು. ಅದು ಅವರ ನಿರ್ಧಾರವಾಗಿರುತ್ತಿತ್ತು. ಆ ರಾತ್ರಿಯ ಹದಿನೆಂಟು ತಾಸು ಮಾತ್ರ ಪೂರ್ತಿ ನನ್ನ ಲೆಕ್ಕಕ್ಕೆ.

ಸ್ನೇಹಿತರು ಸಮಾಧಾನ ಹೇಳಿದರು. ಅಪಾಯ ಎಷ್ಟು ಕಡಿಮೆಯೆಂದರೆ ಹೇಳದಿದ್ದರೂ ನಡೆಯುತ್ತಿತ್ತು, ನಿಮ್ಮ ದುರಾದೃಷ್ಟ ಎಂದರು. ಹಾಗಾದರೆ ಎಷ್ಟು ಕಡಿಮೆ? ಕೂತು ಓದಿದೆ.

ಕೆನಡಾದ ಒಂಟಾರಿಯೊದಲ್ಲಿ ಬಯಾಪ್ಸಿ ಮಾಡಿಸಿಕೊಂಡ 75,190 ಗಂಡಸರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಇಲ್ಲವೆಂದು ಬಂದವರಲ್ಲಿ, ಬಯಾಪ್ಸಿಯ ನಂತರ ಮೂವತ್ತು ದಿನದೊಳಗೆ ಆಸ್ಪತ್ರೆ ಸೇರಿದವರು 1996ರಲ್ಲಿ ನೂರಕ್ಕೆ 1 ಇದ್ದದ್ದು 2005ರಲ್ಲಿ 4.1 ಆಗಿತ್ತು. ಬಹುತೇಕ ಕಾರಣ ಸೋಂಕು. ಸೂಜಿಯ ದಾರಿ ಬದಲಿಸುವ ಇನ್ನೊಂದು ವಿಧಾನವೂ ಇದೆ. ವೃಷಣಕ್ಕೂ ಗುದಕ್ಕೂ ನಡುವಿನ ಚರ್ಮವನ್ನು ತೊಳೆದು ಅಲ್ಲಿಂದ ಚುಚ್ಚುವುದು. ಚರ್ಮವನ್ನು ಶುಚಿ ಮಾಡಬಹುದು, ಕರುಳನ್ನು ಅಷ್ಟು ಮಾಡಲಾಗದು. 2024ರಲ್ಲಿ ಅಮೆರಿಕದಿಂದ ಎರಡು ಪ್ರಯೋಗಗಳ ಫಲಿತಾಂಶ ಬಂತು. ಪ್ರಿವೆಂಟ್ ಎಂಬ ಪ್ರಯೋಗದಲ್ಲಿ, ಚರ್ಮದ ದಾರಿಯಲ್ಲಿ ಮುಂಜಾಗ್ರತೆಯ ಆಂಟಿಬಯಾಟಿಕ್ ಇಲ್ಲದೆಯೂ ಒಬ್ಬರಿಗೂ ಸೋಂಕಾಗಲಿಲ್ಲ. ಗುದನಾಳದ ದಾರಿಯಲ್ಲಿ, ಪ್ರತಿಯೊಬ್ಬರ ಮಲದ ಬ್ಯಾಕ್ಟೀರಿಯಾ ಪರೀಕ್ಷಿಸಿ ತಕ್ಕ ಔಷಧ ಕೊಟ್ಟರೂ ನಾಲ್ವರಿಗೆ, ಅಂದರೆ ನೂರಕ್ಕೆ 1.4, ಸೋಂಕಾಯಿತು. ಇನ್ನೊಂದು ಪ್ರಯೋಗದಲ್ಲಿ ಎರಡೂ ದಾರಿಗಳಲ್ಲಿ ಸೋಂಕು ಹೆಚ್ಚುಕಡಿಮೆ ಒಂದೇ, 2.6 ಮತ್ತು 2.7. ಯುರೋಪಿನ ಮೂತ್ರಶಾಸ್ತ್ರ ಸಂಘದ ಮಾರ್ಗಸೂಚಿ ಚರ್ಮದ ದಾರಿಗೇ ಒಲವು ತೋರಿಸುತ್ತದೆ. ವೈದ್ಯರ ನಡುವೆ ಚರ್ಚೆ ಮುಗಿದಿಲ್ಲ.

ಇಷ್ಟನ್ನೂ ಆಸ್ಪತ್ರೆಯಿಂದ ಬಂದ ಮೇಲೆ ದೊಡ್ಡಪ್ಪನಿಗೆ ಹೇಳಿದೆ. ನೂರು ಮಂದಿಯಲ್ಲಿ ಒಬ್ಬರೋ ಇಬ್ಬರೋ ಮೂವರೋ ಎಂದೆ. ಅವರು ಕೇಳಿದ್ದು ಇಷ್ಟೇ: "ಆ ಇಬ್ಬರು ಯಾರಂತ ಮೊದಲ ಗೊತ್ತಾಗೂದಿಲ್ಲೇನು?"

ಈ ಪ್ರಶ್ನೆಯಲ್ಲಿ ಒಂದು ಹಳೆಯ ತಾತ್ವಿಕ ತೊಡಕಿದೆ. ನೂರಕ್ಕೆ ಎರಡು ಎನ್ನುವುದು ಗುಂಪಿನ ಗುಣ. ಯಾವ ಒಬ್ಬ ಮನುಷ್ಯನಿಗೂ ಶೇಕಡಾ ಎರಡರಷ್ಟು ಸೋಂಕು ಬರುವುದಿಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇನ್ನೊಂದು ತೊಡಕು, ಯಾರ ನೂರು ಎನ್ನುವುದು. ಒಂಟಾರಿಯೊದ ನೂರು ಜನರ ಕರುಳಲ್ಲಿರುವ ಬ್ಯಾಕ್ಟೀರಿಯಾ ಸಂಶಿಯ ನೂರು ಜನರ ಕರುಳಲ್ಲಿರುವಂಥದ್ದೇ ಅಲ್ಲ.

ದೊಡ್ಡಪ್ಪನ ರಕ್ತದಲ್ಲಿ ಬೆಳೆದದ್ದು ಇ. ಕೋಲೈ ಎಂಬ ಸಾಮಾನ್ಯ ಕರುಳಿನ ಬ್ಯಾಕ್ಟೀರಿಯಾ. ವರದಿಯಲ್ಲಿ ಔಷಧಗಳ ಪಟ್ಟಿ, ಪಕ್ಕದಲ್ಲಿ ಯಾವುದು ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದಿತ್ತು. ಸಿಪ್ರೊಫ್ಲಾಕ್ಸಸಿನ್ ಮುಂದೆ ನಾಟುವುದಿಲ್ಲ ಎಂದಿತ್ತು. ಬಯಾಪ್ಸಿಗೆ ಮೊದಲು ಮುಂಜಾಗ್ರತೆಗೆ ಕೊಟ್ಟದ್ದು ಅದೇ ಜಾತಿಯ ಔಷಧ. ಜಗತ್ತಿನ ಬಹಳ ಕಡೆ ವರ್ಷಗಟ್ಟಲೆ ಇದಕ್ಕೆ ಬಳಸಿದ್ದೂ ಅದನ್ನೇ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲೈಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಔಷಧಕ್ಕೆ ಜಗ್ಗುವುದಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳು ವರ್ಷ ವರ್ಷ ಹೇಳುತ್ತಿವೆ.

ಸಿಪ್ರೊಫ್ಲಾಕ್ಸಸಿನ್ ಎಂಬ ಹೆಸರು ಓದಿದ ಕೂಡಲೇ ನನಗೆ ನಮ್ಮ ಮನೆಯ ಮಾಡದಲ್ಲಿರುವ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಭೇದಿಯಾದರೆ, ಗಂಟಲು ಕೆರೆದರೆ, ಗಾಯ ಕೀವಾದರೆ ಅದರಿಂದ ಒಂದು ಗುಳಿಗೆ. ಎರಡು ದಿನಕ್ಕೆ ಕಡಿಮೆಯಾದರೆ ಉಳಿದವು ಮತ್ತೆ ಡಬ್ಬಿಗೆ. ಅಂಗಡಿಯಲ್ಲಿ ಚೀಟಿ ಕೇಳಿದ್ದು ನನಗೆ ನೆನಪಿಲ್ಲ. ಪಂಚಮಿಗೆ ಊರಿಗೆ ಬಂದು ಹೊಟ್ಟೆ ಕೆಟ್ಟಾಗ ನಾನೂ ನುಂಗಿದ್ದೇನೆ, ದೊಡ್ಡಪ್ಪನಿಗೂ ತಂದುಕೊಟ್ಟಿದ್ದೇನೆ. ಬಯಾಪ್ಸಿಗೆ ಮೊದಲು ವೈದ್ಯರು ಕೇಳಿದ್ದರು, ಇತ್ತೀಚೆಗೆ ಯಾವುದಾದರೂ ಆಂಟಿಬಯಾಟಿಕ್ ತಗೊಂಡಿದ್ದೀರಾ ಎಂದು. ಹಿಂದಿನ ಕೆಲವು ತಿಂಗಳಲ್ಲಿ ತೆಗೆದುಕೊಂಡಿದ್ದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿರುವ ಸಂಭವ ಹೆಚ್ಚು. ದೊಡ್ಡಪ್ಪ ಇಲ್ಲ ಎಂದರು. ಅವರು ಸುಳ್ಳು ಹೇಳಲಿಲ್ಲ. ಡಬ್ಬಿಯಲ್ಲಿರುವುದು 'ಭೇದಿ ಗುಳಿಗೆ' ಎಂದು ಅವರಿಗೆ ಗೊತ್ತಿತ್ತು, ಅದು ಆಂಟಿಬಯಾಟಿಕ್ ಎಂದು ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ, ಹೊಳೆಯಲಿಲ್ಲ.

ಹಾಗಾಗಿ ಬರೀ ದುರಾದೃಷ್ಟ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಆ ರಾತ್ರಿಯ ಅಪಾಯದಲ್ಲಿ ಒಂದು ಪಾಲು ನಮ್ಮ ಡಬ್ಬಿಯದು, ಒಂದು ಪಾಲು ಊರೂರಿನ ಇಂಥ ಡಬ್ಬಿಗಳದು. ಯಾರೋ ನುಂಗಿ ಬಿಟ್ಟ ಅರ್ಧ ಕೋರ್ಸಿನ ಸಾಲ ಇನ್ನಾರದೋ ರಕ್ತದಲ್ಲಿ ವಸೂಲಾಗುತ್ತದೆ. ಶೇಕಡಾ ಎರಡು ಎಂಬ ಅಂಕಿ ಇದನ್ನೆಲ್ಲ ಮುಚ್ಚಿ, ಅಪಾಯ ಆಕಾಶದಿಂದ ಬೀಳುವ ಸಿಡಿಲು ಎಂಬಂತೆ ತೋರಿಸುತ್ತದೆ.

ಇನ್ನು ಕಾನೂನು. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರೋಗಿಯ ಸಮ್ಮತಿ ಎಂದರೇನು ಎಂದು ವಿವರವಾಗಿ ಹೇಳಿತು. ಪರೀಕ್ಷೆಗೆ ಕೊಟ್ಟ ಸಮ್ಮತಿ ಚಿಕಿತ್ಸೆಗೆ ಕೊಟ್ಟ ಸಮ್ಮತಿಯಾಗುವುದಿಲ್ಲ. ಏನು ಮಾಡುತ್ತಾರೆ, ಬೇರೆ ದಾರಿ ಇದೆಯೇ, ಗಣನೀಯ ಅಪಾಯಗಳೇನು, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟನ್ನು ತಿಳಿಸಬೇಕು. ಅತಿ ದೂರದ, ಬರೀ ಊಹೆಯ ಅಪಾಯಗಳನ್ನೆಲ್ಲ ಹೇಳಿ ರೋಗಿಯನ್ನು ಬೇಕಾದ ಚಿಕಿತ್ಸೆಯಿಂದ ಓಡಿಸಬೇಕಾಗಿಲ್ಲ. ನ್ಯಾಯವಾದ ಮಾತು. ಆದರೆ ಕಾನೂನು ವೈದ್ಯರ ಬಾಯಿಂದ ರೋಗಿಯ ಕಿವಿಗೆ ನೇರ ದಾರಿ ಇದೆ ಎಂದುಕೊಂಡಿದೆ. ನಮ್ಮಲ್ಲಿ ಆ ದಾರಿಯ ನಡುವೆ ಒಬ್ಬ ಕೂತಿರುತ್ತಾನೆ: ಓದಿದ ಮಗ, ಓದಿದ ಸೊಸೆ, ಅಣ್ಣನ ಮಗ. ಆಸ್ಪತ್ರೆ ತನ್ನ ಕೆಲಸ ಮಾಡಿತು, ಕಾಗದದಲ್ಲಿ ಎಲ್ಲ ಬರೆದಿತ್ತು. ಸಹಿಯೂ ಬಿತ್ತು. ಸಮ್ಮತಿ ಮುರಿದುಬಿದ್ದದ್ದು ಬೆಂಚಿನ ಮೇಲೆ, ಪ್ರೀತಿಯ ಕೈಯಲ್ಲಿ. ಅದನ್ನು ಯಾವ ಕೋರ್ಟೂ ಕೇಳುವುದಿಲ್ಲ.

ಆದರೆ ಪೂರ್ತಿ ನಿಜ ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಈಗ ನಾನು ನಂಬುವುದಿಲ್ಲ. ದೊಡ್ಡಪ್ಪನ ಕಥೆ ಊರೆಲ್ಲ ಹಬ್ಬಿತು. ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಅದು ಬೆಳೆಯುತ್ತ ಹೋಯಿತು. ಕೆಲವು ವಾರಗಳ ನಂತರ ಓಣಿಯ ಇನ್ನೊಬ್ಬ ಹಿರಿಯರು, ದೊಡ್ಡಪ್ಪನಿಗಿಂತ ಪಿಎಸ್‌ಎ ಬಹಳ ಹೆಚ್ಚಿದ್ದವರು, "ಸೂಜಿ ಚುಚ್ಚಿಸಿಕೊಂಡು ಸಾಯೂಕಿಂತ ಹಿಂಗ ಇರತೇನ" ಎಂದು ಪರೀಕ್ಷೆ ಬಿಟ್ಟರು. ಅವರ ಮಗ ನನ್ನನ್ನು ಮನೆಗೆ ಕರೆದು ಬುದ್ಧಿ ಹೇಳಿಸಬೇಕಾಯಿತು. ಎಲ್ಲ ಅಂಕಿಗಳನ್ನೂ ಹೇಳಿದೆ. ನೂರಕ್ಕೆ ತೊಂಬತ್ತೇಳು ಜನರಿಗೆ ಏನೂ ಆಗುವುದಿಲ್ಲ ಎಂದೆ. ಒಂಟಾರಿಯೊದ ಅಷ್ಟು ಜನರಲ್ಲಿ ಮೂವತ್ತು ದಿನದೊಳಗೆ ತೀರಿಕೊಂಡವರು ಸಾವಿರಕ್ಕೆ ಒಬ್ಬರಷ್ಟೂ ಇರಲಿಲ್ಲ ಎಂದೆ. ಅವರು ಅಂಕಿ ಕೇಳಲಿಲ್ಲ. "ನಿಮ್ಮ ದೊಡ್ಡಪ್ಪಗ ಆತಲ್ಲೋ" ಅಂದರು. ನನ್ನ ಮೃದು ಮಾತು ಒಬ್ಬರನ್ನು ಮಲಗಿಸಿತು, ಕಟ್ಟೆಯ ಕಟು ಮಾತು ಇನ್ನೊಬ್ಬರನ್ನು ಕಟ್ಟಿಹಾಕಿತು. ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಆಗ ನನಗೆ ಹೊಳೆದದ್ದು ಸರಳ. ಅಪಾಯದ ಬಗ್ಗೆ ನಿಜ ಹೇಳುವುದು ಎಂದರೆ ಅಂಕಿ ಹೇಳುವುದಷ್ಟೇ ಅಲ್ಲ, ಅಪಾಯ ಬಂದಾಗ ಮಾಡಬೇಕಾದ ಕೆಲಸವನ್ನೂ ಕೈಗೆ ಕೊಡುವುದು. ಹಾವು ಇರುವ ಹೊಲಕ್ಕೆ ಹೋಗುವ ಮಗನಿಗೆ ತಾಯಿ ಹಾವಿನ ಲೆಕ್ಕ ಹೇಳುವುದಿಲ್ಲ, ಹಾವಿಲ್ಲ ಎಂದೂ ಹೇಳುವುದಿಲ್ಲ. ಬ್ಯಾಟರಿ ಕೊಟ್ಟು ಕಳಿಸುತ್ತಾಳೆ. ನಾನು ದೊಡ್ಡಪ್ಪನಿಂದ ಕಸಿದುಕೊಂಡದ್ದು ಬರೀ ಮಾಹಿತಿಯನ್ನಲ್ಲ, ಆ ಬ್ಯಾಟರಿಯನ್ನು. "ಚಳಿ ಬಂದರ ಆ ತಾಸಿನೊಳಗ ಹುಬ್ಬಳ್ಳಿಗೆ ಹೋಗಬೇಕು, ನಡುರಾತ್ರಿ ಆದರೂ" ಎಂಬ ಒಂದು ವಾಕ್ಯ ಸಾಕಿತ್ತು. ಅದು ಹೆದರಿಸುವ ವಾಕ್ಯವಲ್ಲ. ಹೊಲ-ಮನೆ ನಡೆಸಿದ ಮನುಷ್ಯನನ್ನು ಮನುಷ್ಯನೆಂದು ಎಣಿಸುವ ವಾಕ್ಯ. ಬರಗಾಲ ಕಂಡವರು, ಬೆಳೆ ಸುಟ್ಟಿದ್ದು ಕಂಡವರು. ಅವರು ಕೆಟ್ಟ ಸುದ್ದಿ ತಡೆಯಲಾರರು ಎಂದು ಇಪ್ಪತ್ತೆಂಟರ ನಾನು ತೀರ್ಮಾನಿಸಿದ್ದೆ. ಕರುಣೆ ಎಂದುಕೊಂಡದ್ದರಲ್ಲಿ ಸ್ವಲ್ಪ ಅಹಂಕಾರವೂ ಇತ್ತು. ಇನ್ನೂ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಸೋಮಾರಿತನವೂ ಇತ್ತು. 'ಸೆಪ್ಸಿಸ್' ಎಂಬ ಪದವನ್ನು ಕನ್ನಡದಲ್ಲಿ ಹೇಳಿದರೆ ಅವರು ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದರು. ನನಗೆ ಸಂಜೆಯ ಬಸ್ಸಿತ್ತು.

ಬಯಾಪ್ಸಿಯ ಫಲಿತಾಂಶವನ್ನು ಹೇಳಲೇ ಇಲ್ಲ. ಹನ್ನೆರಡು ತುಣುಕುಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು, ಅತಿ ಕೆಳಗಿನ ದರ್ಜೆಯದು. ಈಗಲೇ ಚಿಕಿತ್ಸೆ ಬೇಡ, ನಿಗಾ ಇಟ್ಟರೆ ಸಾಕು ಎಂದರು ವೈದ್ಯರು. ಬ್ರಿಟನ್ನಿನಲ್ಲಿ 1,643 ಗಂಡಸರನ್ನು ಹದಿನೈದು ವರ್ಷ ಅನುಸರಿಸಿದ ಪ್ರೊಟೆಕ್ಟ್ ಎಂಬ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ, ಯಾವ ಗುಂಪಿನಲ್ಲಿದ್ದರೂ ಆ ಅವಧಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಇಬ್ಬರಿಂದ ಮೂವರು. ಅಂದರೆ ದೊಡ್ಡಪ್ಪನನ್ನು ಸಾವಿನ ಬಾಗಿಲಿಗೆ ಒಯ್ದದ್ದು ರೋಗವಲ್ಲ, ರೋಗ ಇದೆಯೇ ಎಂದು ನೋಡಲು ಹೋದ ಸೂಜಿ. ಹಾಗೆಂದು ನೋಡಬಾರದಿತ್ತು ಎನ್ನಲೂ ಆಗದು. ಇದು ಸಾಧು ಜಾತಿಯದು ಎಂಬ ನೆಮ್ಮದಿಯೂ ಅದೇ ಸೂಜಿಯಿಂದ ಬಂದದ್ದು. ನೋಡದೆ ಅದು ಯಾವುದೆಂದು ಹೇಗೆ ಗೊತ್ತಾಗಬೇಕು?

ನಿಗಾ ಎಂದರೆ ಕತೆ ಮುಗಿಯಲಿಲ್ಲ. ಒಂದು ವರ್ಷದ ಸುಮಾರಿಗೆ ಇನ್ನೊಮ್ಮೆ ಬಯಾಪ್ಸಿ ಮಾಡಬೇಕು. ಈ ಸಲ ಮೊದಲು ಎಂಆರ್‌ಐ ಮಾಡಿಸುತ್ತೇವೆ. ಕಳೆದ ಸಲ ಖರ್ಚು ಎಂದು ನಾವೇ ಬೇಡ ಎಂದಿದ್ದೆವು. 2018ರಲ್ಲಿ 500 ಜನರ ಮೇಲೆ ನಡೆದ ಪ್ರಿಸಿಷನ್ ಎಂಬ ಪ್ರಯೋಗದಲ್ಲಿ ಮೊದಲು ಎಂಆರ್‌ಐ ಮಾಡಿದವರ ಪೈಕಿ ನೂರಕ್ಕೆ 28 ಮಂದಿಗೆ ಸೂಜಿಯೇ ಬೇಕಾಗಲಿಲ್ಲ. ದೊಡ್ಡಪ್ಪ ಆ ಇಪ್ಪತ್ತೆಂಟರಲ್ಲಿ ಇರುತ್ತಿದ್ದರು ಎನ್ನಲಾರೆ, ಅವರಲ್ಲಿ ಕ್ಯಾನ್ಸರ್ ಇದ್ದದ್ದು ನಿಜ. ಮತ್ತೆ ಸೂಜಿ ಬೇಕಾದರೆ ಚರ್ಮದ ದಾರಿಯಲ್ಲಿ ಮಾಡುತ್ತೀರಾ ಎಂದು ಕೇಳುತ್ತೇವೆ. ಆಗದಿದ್ದರೆ ಮಲದ ಪರೀಕ್ಷೆ ಮಾಡಿ ಯಾವ ಔಷಧ ನಾಟುತ್ತದೆ ನೋಡುತ್ತೀರಾ, ಗುದನಾಳವನ್ನು ಪೊವಿಡೋನ್ ಅಯೋಡಿನ್‌ನಿಂದ ಶುಚಿ ಮಾಡುತ್ತೀರಾ ಎಂದು ಕೇಳುತ್ತೇವೆ. ಬಿಸ್ಕತ್ತಿನ ಡಬ್ಬಿಯ ಗುಳಿಗೆಗಳ ಹೆಸರುಗಳನ್ನು ಬರೆದುಕೊಂಡು ಹೋಗುತ್ತೇವೆ.

ಕಳೆದ ವಾರ ಊರಿಗೆ ಹೋದಾಗ ಹಳೆಯ ಸಮ್ಮತಿಪತ್ರದ ಪ್ರತಿ ತೆಗೆದು, ಒಂಬತ್ತೂ ಸಾಲುಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿದೆ. ಸಾವು ಎಂಬ ಪದವನ್ನೂ ನುಂಗಲಿಲ್ಲ. ಮುಕ್ಕಾಲು ತಾಸು ಹಿಡಿಯಿತು. ಹತ್ತು ಪ್ರಶ್ನೆ ಕೇಳಿದರು, ಎರಡಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ವೈದ್ಯರನ್ನು ಕೇಳೋಣ ಎಂದೆ. ಆಮೇಲೆ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಚಳಿ-ನಡುಕ, ಜ್ವರ, ಉಚ್ಚಿ ಕಟ್ಟಿದರೆ, ಆಗಿಂದಾಗ ಹುಬ್ಬಳ್ಳಿ. ಬಯಾಪ್ಸಿ ಆಗೈತಿ ಅಂತ ಮೊದಲು ಹೇಳಬೇಕು. ಕೆಳಗೆ ಮೂರು ಫೋನ್ ನಂಬರು. ದೊಡ್ಡವ್ವನಿಗೆ ಓದಲು ಬರುವುದಿಲ್ಲ, ಅವರಿಗೆ ಬಾಯಿಪಾಠ ಮಾಡಿಸಿದೆ.

"ಹಂಗಾದ್ರ ಮತ್ತ ಚುಚ್ಚಿಸಿಕೊಳ್ಳೋದೋ ಬ್ಯಾಡೋ?" ಎಂದು ಕೇಳಿದೆ.

ದೊಡ್ಡಪ್ಪ ಕ್ಯಾಲೆಂಡರ್ ಕಡೆ ನೋಡಿದರು. "ಇನ್ನಾ ವಿಚಾರ ಮಾಡತೇನ" ಅಂದರು. "ಕಡಲಿ ರಾಶಿ ಆಗ್ಲಿ, ಹೇಳತೇನ."